ಲ್ಯಾಬಿಗೊಂದು ಕಾವಲು ಪೆಟ್ಟಿಗೆ



ಕಾಸರಗೋಡಿನ ನಮ್ಮ ಕನ್ನಡ ಶಾಲೆಯಲ್ಲಿ ಕಚೇರಿಗೂ ಕಂಪ್ಯೂಟರ್ ಲ್ಯಾಬಿಗೂ ಇರುವುದು ಒಂದೇ ಇಂಟರ್ನೆಟ್ ಲೈನು. ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಓಡಿ ಬಂದು, "ಮಾಷ್ಟ್ರೇ, ನಾಳೆಯ ಪ್ರಶ್ನೆಪತ್ರಿಕೆ ಲ್ಯಾಬಿನ ಕಂಪ್ಯೂಟರಿನಲ್ಲಿ ಕಾಣ್ತದೆ" ಎಂದ. ಹೋಗಿ ನೋಡಿದರೆ ನಿಜ! ಕಚೇರಿಯಲ್ಲಿ ನಾವೇ ಹಂಚಿಕೊಂಡಿದ್ದ ಫೋಲ್ಡರಿಗೆ ಪಾಸ್‌ವರ್ಡೇ ಇರಲಿಲ್ಲ. ಹುಡುಗನ ಬೆನ್ನು ತಟ್ಟಿ ಕಳುಹಿಸಿ, ರಾತ್ರಿ ಕೂತು ಬೇರೆ ಪತ್ರಿಕೆ ಟೈಪ್ ಮಾಡಿದೆವು. ಹೇಳದೆ ಓದಿಕೊಂಡವರು ಎಷ್ಟು ಮಂದಿಯೋ...

ಪಾಸ್‌ವರ್ಡ್ ಅಂದೇ ಹಾಕಿದೆವು. ಆದರೂ ಲ್ಯಾಬು ಬೇರೆ, ಕಚೇರಿ ಬೇರೆ ಆಗಲೇಬೇಕು, ನಡುವೆ ಒಂದು ಫೈರ್‌ವಾಲ್ ಇರಲಿ ಎಂದು ತೀರ್ಮಾನವಾಯಿತು. ತಂತ್ರಾಂಶಕ್ಕೆ ಖರ್ಚಿಲ್ಲ. 2015ರಲ್ಲಿ ಪಿಎಫ್‌ಸೆನ್ಸ್‌ನಿಂದ ಕವಲೊಡೆದ ಓಪಿಎನ್‌ಸೆನ್ಸ್ ಮುಕ್ತವಾಗಿ ಸಿಗುತ್ತದೆ. ಅದನ್ನು ಯಾವ ಯಂತ್ರದಲ್ಲಿ ಹಾಕುವುದು?

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಡೆಸ್ಕ್‌ಟಾಪಿಗೆ ಎರಡು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ ನಡೆಸಿ ನೋಡಿದೆವು. ಪುಕ್ಕಟೆಯಾಯಿತೆಂದು ಎಲ್ಲರಿಗೂ ಖುಷಿ. ಭೌತಶಾಸ್ತ್ರದ ಟೀಚರ್ ಪ್ಲಗ್ಗಿಗೆ ಮೀಟರ್ ಸಿಕ್ಕಿಸಿದರು: 68 ವಾಟ್! ಕ್ಯಾಮರಾಗಳೂ ಇದೇ ಲೈನಿನಲ್ಲಿರುವುದರಿಂದ ರಾತ್ರಿ ಆರಿಸುವಂತಿಲ್ಲ. ತಿಂಗಳಿಗೆ 49 ಯೂನಿಟ್. ಮೇಲಾಗಿ ಕರೆಂಟು ಹೋದರೆ ಯುಪಿಎಸ್ ಹತ್ತೇ ನಿಮಿಷಕ್ಕೆ ಕೂಗಲು ಶುರು.

ರಾಸ್ಪ್‌ಬೆರಿ ಪೈ 4 ಆಗಬಹುದೇ ಎಂದು ನೋಡಿದೆವು. ವಿದ್ಯುತ್ತು ತೀರಾ ಕಡಿಮೆ, ಆದರೆ ನೆಟ್‌ವರ್ಕ್ ಪೋರ್ಟು ಒಂದೇ. ನಮಗೆ ಬೇಕಾದದ್ದು ಮೂರು: ಹೊರಗಿನ ಲೈನಿಗೊಂದು, ಕಚೇರಿಗೊಂದು, ಲ್ಯಾಬಿಗೊಂದು. ಮ್ಯಾನೇಜ್ಡ್ ಸ್ವಿಚ್ ಇದ್ದರೆ ಒಂದರಲ್ಲೇ ಸುಧಾರಿಸಬಹುದು, ನಮ್ಮಲ್ಲಿರುವುದು ಸಾದಾ ಸ್ವಿಚ್ಚು. ಇಂಟೆಲ್ ಎನ್100 ಚಿಪ್ಪಿನ, ನಾಲ್ಕು ಪೋರ್ಟಿನ ಹೊಸ ಪೆಟ್ಟಿಗೆಗಳು ಚೆನ್ನಾಗಿವೆ. ಆದರೆ ರಕ್ಷಕ-ಶಿಕ್ಷಕ ಸಂಘ ಕೊಟ್ಟ ಹಣಕ್ಕೆ ಎಟುಕಲಿಲ್ಲ.

ಕೊನೆಗೆ ಸೆಲೆರಾನ್ ಜೆ1900 ಇರುವ, ನಾಲ್ಕು ಪೋರ್ಟಿನ, ಯಾರೋ ಬಳಸಿ ಬಿಟ್ಟ ಪೆಟ್ಟಿಗೆಯೊಂದು ಸಿಕ್ಕಿತು. 2013ರ ಚಿಪ್ಪು. ಗೂಢಲಿಪಿಯ ಕೆಲಸಕ್ಕೆ ವೇಗ ಕೊಡುವ ಎಇಎಸ್ ಸೌಲಭ್ಯ ಅದರಲ್ಲಿಲ್ಲ, ವಿಪಿಎನ್ ಬೇಕಾದವರು ಕೊಳ್ಳಬೇಡಿ. ನಮ್ಮದು 100 ಎಂಬಿಪಿಎಸ್ ಲೈನು, ವಿಪಿಎನ್ ಇಲ್ಲ, ಧಾರಾಳ ಸಾಕು. ಫ್ಯಾನಿಲ್ಲದ್ದರಿಂದ ಧೂಳಿನ ಕಾಟವೂ ಕಡಿಮೆ. ಮೀಟರ್ ತೋರಿಸಿದ್ದು 11 ವಾಟ್, ಎಂದರೆ ತಿಂಗಳಿಗೆ 8 ಯೂನಿಟ್. ವರ್ಷಕ್ಕೆ ಸುಮಾರು 500 ಯೂನಿಟ್ ಉಳಿತಾಯ! ಪುಕ್ಕಟೆ ಯಂತ್ರ ಗುಜರಿಗೆ ಹೋಯಿತು.

ಪೆನ್‌ಡ್ರೈವಿನಲ್ಲಿ ಬರುವ ವೈರಸ್ಸನ್ನು ಇದು ತಡೆಯುವುದಿಲ್ಲ. ಇದನ್ನು ಸಹೋದ್ಯೋಗಿಗಳಿಗೆ ಹೇಳಿ ಹೇಳಿ ಸಾಕಾಗಿದೆ.

ನಿಯಮಗಳನ್ನೆಲ್ಲ ಹಾಕಿದ ಮೇಲೆ ಆ ಹುಡುಗನನ್ನೇ ಕರೆದು, ಲ್ಯಾಬಿನಿಂದ ಕಚೇರಿಯ ಫೋಲ್ಡರ್ ತೆರೆಯಲು ಹೇಳಿದೆವು. ಅರ್ಧ ಗಂಟೆ ಒದ್ದಾಡಿ, "ಆಗುದಿಲ್ಲ ಮಾಷ್ಟ್ರೇ" ಎಂದ, ಸ್ವಲ್ಪ ಬೇಸರದಲ್ಲೇ. ಈಗ ತುಲಾ ಮಾಸದ ಗುಡುಗು ಶುರುವಾದರೆ ಓಡಿಹೋಗಿ ಪೆಟ್ಟಿಗೆಯ ವಯರುಗಳನ್ನು ಕಳಚುವ ಕೆಲಸ ಅವನದೇ.