ಗೆಲ್ಲೋನ ಹೆಸರು ಹೇಳೋಕಿಂತ ಮೊದಲು (ಸೈಕಲ್ ಸರಣಿ, ಭಾಗ 7)

ಟೂರ್ ಡಿ ಫ್ರಾನ್ಸ್ ಶುರು ಆದ್ರ ಸಾಕು, ನನ್ನ ಇನ್‌ಬಾಕ್ಸ್‌ನಾಗ ಒಂದೇ ಪ್ರಶ್ನೆ: "ಇವತ್ತ ಯಾರ್ ಗೆಲ್ತಾರ ಹೇಳಲೇ." ಕಾರಹುಣ್ಣಿಮಿ ದಿನ ಕರಿ ಹರಿಯೋ ಮುಂದ ಅಗಸಿ ಹತ್ರ ನಿಂತು, ಬಿಳಿ ಎತ್ತೋ ಕೆಂದ ಎತ್ತೋ ಅಂತ ವಾದ ಮಾಡೋ ಮಂದಿ ನಾವು. ಅಂದಾಜು ಕಟ್ಟೋದು ನಮಗ ರಕ್ತಗತ. ಹಂಗಾಗಿ ಈ ಸಲ ಸ್ಪ್ರಿಂಟ್ ಫಿನಿಶ್ ಅಂದಾಜು ಮಾಡೋದು ಹೆಂಗ ಅಂತ ಬರೀತೀನಿ. ರೊಕ್ಕ ಹಚ್ಚೋ ಆ್ಯಪ್‌ಗಳ ಸುದ್ದಿ ಇಲ್ಲಿ ಬ್ಯಾಡ. ನಮ್ಮ ಗುಂಪಿನಾಗ ಸೋತವರು ಒಂದು ಪ್ಲೇಟ್ ಗಿರ್ಮಿಟ್ ಕೊಡಸಬೇಕು, ಅಷ್ಟ.

ಹೊಸದಾಗಿ ಫಾಲೋ ಮಾಡಿದವರಿಗೆ ಎರಡೇ ಮಾತು. ಟೂರ್‌ನಲ್ಲಿ 21 ಸ್ಟೇಜ್. ಎಲ್ಲಾ ಸ್ಟೇಜಿನ ಸಮಯ ಕೂಡಿಸಿ ಯಾರದು ಕಡಿಮಿಯೋ ಅವರಿಗೆ ಹಳದಿ ಜೆರ್ಸಿ. ಆದರೆ ಪ್ರತಿ ಸ್ಟೇಜಿಗೂ ಬ್ಯಾರೆ ಗೆಲುವು ಐತಿ, ಸಪಾಟ ಸ್ಟೇಜುಗಳು ಸ್ಪ್ರಿಂಟರ್‌ಗಳವು. ದಪ್ಪ ತೊಡಿಯ ಹುಡುಗರು, ಗುಡ್ಡದಾಗ ಎಲ್ಲರಿಗಿಂತ ಹಿಂದ ಉಸಿರು ಬಿಡ್ತಿರ್ತಾರ, ಸಪಾಟ ರಸ್ತೆ ಸಿಕ್ಕರೆ ಕೊನೆಯ 200 ಮೀಟರ್‌ನಾಗ ಹುಲಿ.

ಮೊದಲ ಪ್ರಶ್ನೆ ಯಾರು ಅನ್ನೋದಲ್ಲ. ಸ್ಪ್ರಿಂಟ್ ಆಗ್ತದೋ ಇಲ್ಲೋ ಅನ್ನೋದು. ಬೆಳಗ್ಗೆನೇ ಮೂರು ನಾಲ್ಕು ಮಂದಿ ಗುಂಪು ಬಿಟ್ಟು ಮುಂದ ಓಡಿರ್ತಾರ. ಅವರು ಸಿಗ್ತಾರೋ ಇಲ್ಲೋ ನೋಡಲಿಕ್ಕೆ ಫ್ರಾನ್ಸಿನ ಹಳೇ ಕಾಮೆಂಟೇಟರ್ ರಾಬೆರ್ ಶಪಾತ್ ಹೆಸರಿನಾಗ ಒಂದು ಲೆಕ್ಕ ಐತಿ: 10 ಕಿ.ಮೀ. ಉಳಿದಾಗ ಹಿಂದಿನ ಗುಂಪು ಒಂದು ನಿಮಿಷ ಹಿಡೀತದ. 10 ಕಿ.ಮೀ. ಅಂದ್ರ ಹುನಗುಂದದಿಂದ ಇಳಕಲ್‌ಗೆ ಇರೋದಕ್ಕಿಂತ ಸ್ವಲ್ಪ ಕಡಿಮಿ ದೂರ. ಅಷ್ಟರಾಗ ಒಂದು ನಿಮಿಷ ಹೋತು ಅಂದ್ರ ಹೋತು.

ಯಾಕ? ಗಾಳಿ. ಆಷಾಢದಾಗ ಹುನಗುಂದದಿಂದ ಅಮೀನಗಡ ಮ್ಯಾಲ ಬಾಗಲಕೋಟೆ ಕಡೆ ಸೈಕಲ್ ಹೊಡದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಎದಿಗೆ ಕೈ ಇಟ್ಟು ಯಾರೋ ಹಿಂದಕ್ಕ ದಬ್ಬಿದಂಗ ಆಗತೈತಿ. (ಅಮೀನಗಡದಾಗ ಕರದಂಟು ಸಿಗೋದ್ರಿಂದ ಜೀವ ಉಳೀತದ.) ಮುಂದ ಒಬ್ಬ ಇದ್ದರ ಅವನ ಬೆನ್ನ ಹಿಂದ ಎಷ್ಟು ಹಗುರ ಆಗತೈತಿ ಅನ್ನೋದೂ ನಿಮಗ ಗೊತ್ತು. 2018ರಲ್ಲಿ ಬರ್ಟ್ ಬ್ಲಾಕನ್ ಅನ್ನೋ ಪ್ರೊಫೆಸರ್ ತಂಡ 121 ಸೈಕಲ್ ಸವಾರರ ಗುಂಪನ್ನು ಕಂಪ್ಯೂಟರಿನಲ್ಲೂ ಗಾಳಿ ಸುರಂಗದಲ್ಲೂ ಪರೀಕ್ಷಿಸಿತು. ಗುಂಪಿನ ಹೊಟ್ಟಿಯೊಳಗೆ ಕುಂತವನಿಗೆ ತಟ್ಟೋ ಗಾಳಿ ಒಬ್ಬನೇ ಹೊಡೆಯೋನಿಗೆ ತಟ್ಟೋದರ ಬರೇ 5ರಿಂದ 10 ಪರ್ಸೆಂಟ್ ಅಂತ ಬಂತು. ಮುಂದ ಓಡಿದ ಮೂವರು ಇಡೀ ದಿನ ಗಾಳಿ ತಿಂತಾರ, ಹಿಂದಿನ ನೂರಾ ಐವತ್ತು ಮಂದಿ ಹಂಚಿಕೊಂಡು ತಿಂತಾರ.

2025ರ ಒಂಬತ್ತನೇ ಸ್ಟೇಜ್ ನೋಡಿದ್ರೇನು? ಶಿನೋನಿಂದ ಶಾತೊರೂಗೆ 174 ಕಿ.ಮೀ. ಮಾಥ್ಯೂ ವಾನ್ ಡರ್ ಪೂಲ್ ತನ್ನ ತಂಡದ ಯೋನಾಸ್ ರಿಕಾರ್ಟ್‌ನ ಕರಕೊಂಡು ಶುರುವಿನಾಗ ಓಡಿದ. ರಿಕಾರ್ಟ್ ಕೊನೆಕೊನೆಗೆ ಸುಸ್ತಾಗಿ ಬಿಟ್ಟ, ಇವ ಒಬ್ಬನೇ ಹೊಡದ. ಸುಮಾರು 700 ಮೀಟರ್ ಉಳಿದಾಗ ಸಿಕ್ಕಿಬಿದ್ದ. ಗೆದ್ದದ್ದು ಟಿಮ್ ಮೆರ್ಲಿಯರ್. ಅವತ್ತು ನಾನು ಮೊಬೈಲ್ ಮುಂದ ಎದ್ದು ನಿಂತಿದ್ದೆ, ನಮ್ಮ ಅವ್ವ "ಏನಾತೋ" ಅಂತ ಅಡಗಿಮನಿಯಿಂದ ಓಡಿ ಬಂದ್ಲು. ಆದರೆ ಲೆಕ್ಕ ಹೇಳೋದು ಮೆರ್ಲಿಯರ್ ಥರದವರ ಹೆಸರನ್ನ. ಶಾತೊರೂ ಉದ್ದ ನೆಟ್ಟಗಿನ ಸಪಾಟ ರಸ್ತೆ, ಮಾರ್ಕ್ ಕ್ಯಾವೆಂಡಿಶ್ 2008, 2011, 2021 ಮೂರೂ ಸಲ ಅಲ್ಲೇ ಗೆದ್ದವ. ಹಳೇ ಫಿನಿಶ್ ಇದ್ದರ ಹಳೇ ಫಲಿತಾಂಶ ನೋಡ್ರಿ, ಅರ್ಧ ಉತ್ತರ ಅಲ್ಲೇ ಇರತೈತಿ.

ಆಮ್ಯಾಲ ಕೊನೆಯ ಕಿಲೋಮೀಟರಿನ ನಕಾಶೆ. ತಿರುವು ಎಲ್ಲಿ, ಏರು ಐತೇನು, ಗಾಳಿ ಎದುರಿಗೋ ಬೆನ್ನಿಗೋ. ಎದುರು ಗಾಳಿ ಇದ್ದರ ಮೊದಲು ಹೊರಬಿದ್ದವ ಸಾಯ್ತಾನ, ಕಾದವ ಗೆಲ್ತಾನ. ನವನಗರದ ಸಪಾಟ ರಸ್ತೆದಾಗ ಜೋರಿರೋ ಹುಡುಗ ಬಾದಾಮಿ ಕಡೆ ಏರು ಬಂದ ಕೂಡ್ಲೇ ಹಿಂದ ಬೀಳ್ತಾನಲ್ಲ, ಅದೇ ಆಟ ಅಲ್ಲೂ. 2024ರ ಎಂಟನೇ ಸ್ಟೇಜ್ ಕೊಲೊಂಬೆಯಲ್ಲಿ ಮುಗೀತು, ಕೊನೆಗೆ ಏರು. ಎರಿಟ್ರಿಯಾದ ಬಿನಿಯಮ್ ಗಿರ್ಮೆ ಯಾಸ್ಪರ್ ಫಿಲಿಪ್ಸನ್‌ನ ಹಿಂದ ಹಾಕಿದ. ಅದೇ ವರ್ಷ ಟ್ಯೂರಿನ್‌ನಲ್ಲಿ ಗೆದ್ದಾಗ ಟೂರ್ ಸ್ಟೇಜ್ ಗೆದ್ದ ಮೊದಲ ಕಪ್ಪು ಆಫ್ರಿಕನ್ ಅವನೇ. ಒಟ್ಟು ಮೂರು ಸ್ಟೇಜ್, ಜತಿಗೆ ಹಸಿರು ಜೆರ್ಸಿ. (ಗಿರ್ಮೆ ಅಂದ ಕೂಡ್ಲೇ ಗಿರ್ಮಿಟ್ ಅಂತ ಜೋಕ್ ಮಾಡೋರು ಮಾಡ್ರಿ, ನಾವು ಮಾಡಿ ಮುಗಿಸೀವಿ.)

ಈಗ ನಾನು ಎಲ್ಲಕ್ಕಿಂತ ಹೆಚ್ಚು ನೋಡೋದು: ಕೊನೆಗೆ ಯಾರು ಯಾರ ಮುಂದ ಇದ್ದಾರ. ಸ್ಪ್ರಿಂಟರ್ ಮುಂದ ಅವನ ತಂಡದವರು ಸಾಲಾಗಿ ಇರ್ತಾರ, ಇದಕ್ಕ ಟ್ರೇನ್ ಅಂತಾರ. ಒಬ್ಬ ತನ್ನ ಶಕ್ತಿ ಪೂರ್ತಿ ಸುಟ್ಟು ಬದಿಗೆ ಸರೀತಾನ, ಮುಂದಿನವ ಹಿಡೀತಾನ, ಅವನೂ ಸರೀತಾನ. ಕೊನೆಯವನಿಗೆ ಲೀಡ್‌ಔಟ್. ಅವ ಸುಮಾರು 200 ಮೀಟರ್‌ಗೆ ಬಿಟ್ಟುಕೊಡ್ತಾನ. ಇಳಕಲ್‌ನಾಗ ನೇಯೋ ಮನಿಯವರಿಗೆ ಕೊಂಡಿ ಗೊತ್ತಲ್ಲ? ಸೀರಿ ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಸ್ತಾರ. ಮಂದಿ ನೋಡೋದು ಸೆರಗು. ಕೊಂಡಿ ಬಿಟ್ಟರ ಸೆರಗೆಲ್ಲಿ?

2023ರಾಗ ಫಿಲಿಪ್ಸನ್ ನಾಲ್ಕು ಸ್ಟೇಜ್ ಗೆದ್ದ, ಅವನಿಗೆ ದಾರಿ ಬಿಡಿಸಿಕೊಟ್ಟವ ಇದೇ ವಾನ್ ಡರ್ ಪೂಲ್. ಕ್ಯಾವೆಂಡಿಶ್ 35 ಸ್ಟೇಜ್ ಗೆದ್ದು ದಾಖಲೆ ಮಾಡಿದ್ದು ಎಲ್ಲರಿಗೂ ಗೊತ್ತು. ಮಾರ್ಕ್ ರೆನ್ಷಾ ಗೊತ್ತೇನು? 2009ರ ಪ್ಯಾರಿಸ್ ಸ್ಟೇಜಿನಾಗ ಕ್ಯಾವೆಂಡಿಶ್‌ನ ಎಷ್ಟು ಚಂದ ಬಿಟ್ಟುಕೊಟ್ಟ ಅಂದ್ರ, ತನ್ನ ಕೆಲಸ ಮುಗಿಸಿಯೂ ತಾನೇ ಎರಡನೇ ಬಂದ. ಆದರೆ ಟೂರ್‌ನ ಒಂದು ಸ್ಟೇಜೂ ಅವನ ಹೆಸರಿನಾಗ ಇಲ್ಲ.

ಇದು ನನಗ ಯಾಕ ಹತ್ತಿರ ಅಂದ್ರ, ರಾಜ್ಯದ ಸೈಕ್ಲಿಂಗ್ ಅಂದ ಕೂಡ್ಲೇ ವಿಜಯಪುರ, ಬಾಗಲಕೋಟೆ ಹೆಸರೇ ಮೊದಲು. ಕ್ರೀಡಾ ಹಾಸ್ಟೆಲ್ ಹುಡುಗ ಹುಡುಗಿಯರು ನಸುಕಿನಾಗ ಹೈವೇ ಬದಿಗೆ ಸಾಲು ಹಿಡಿದು ಹೊಡಿಯೋದನ್ನ ನೀವೂ ನೋಡೀರಿ. ಅವರಾಗ ನನ್ನ ದೋಸ್ತ ಒಬ್ಬ. ಹೋದ ವರ್ಷ ಒಂದು ರೋಡ್ ರೇಸ್‌ನಾಗ ಅವ ಕೊನೆಯ ಎರಡು ಕಿ.ಮೀ. ಗಾಳಿಗೆ ಎದಿ ಕೊಟ್ಟು ಹೊಡದು, ಜೋಡಿಗಾರನ್ನ ಮುಂದ ತಂದು ಬಿಟ್ಟ. ಜೋಡಿಗಾರ ಗೆದ್ದ. ಇವ 11ನೇ. ಆಮ್ಯಾಲ ಒಂದು ಕಾಲೇಜಿಗೆ ಸ್ಪೋರ್ಟ್ಸ್ ಕೋಟಾದಾಗ ಅರ್ಜಿ ಹಾಕಿದ. ಫಾರ್ಮ್‌ನಾಗ ಇದ್ದದ್ದು ಒಂದೇ ಕಾಲಮ್: ಪಡೆದ ಸ್ಥಾನ. 11 ಅಂತ ಬರದ. ಸೀಟು ಸಿಗಲಿಲ್ಲ. ಅವರಪ್ಪ "ಹನ್ನೊಂದನೇ ಬರಾಕ ಇಷ್ಟ್ ಯಾಕ ಬಡ್ಕೋತಿ" ಅಂದ್ರಂತ, ಸೈಕಲ್ ಮಾರೋ ಮಾತೂ ಬಂತು. ಅಪ್ಪನ ತಪ್ಪು ಅಂತ ನಾನು ಹೇಳಂಗಿಲ್ಲ, ಫಲಿತಾಂಶದ ಹಾಳಿ ಓದಿದವರಿಗೆ ಕಾಣೋದೇ ಅಷ್ಟು.

ಲೆಕ್ಕ ಎಲ್ಲಾ ಸರಿ ಇದ್ದೂ ಕೆಡೋದೈತಿ, ಅದನ್ನೂ ಹೇಳಬೇಕು. 2025ರ ಮೂರನೇ ಸ್ಟೇಜಿಗೆ ಫಿಲಿಪ್ಸನ್ ಹಸಿರು ಜೆರ್ಸಿಯಾಗ ಬಂದ, ನಡು ದಾರಿಯ ಸ್ಪ್ರಿಂಟ್‌ನಾಗ ಬಿದ್ದು ಮನಿಗೆ ಹೋದ. 2020ರಾಗ ಪೋಲೆಂಡ್ ರೇಸಿನ ಇಳಿಜಾರು ಫಿನಿಶ್‌ನಾಗ ಫಾಬಿಯೊ ಯಾಕೊಬ್ಸನ್ ಬಿದ್ದದ್ದರ ವಿಡಿಯೊ ಹುಡಕಬ್ಯಾಡ್ರಿ, ನಾನು ಹಾಕಂಗೂ ಇಲ್ಲ. ಅವ ಬದುಕಿ, ಮತ್ತ 2022ರಾಗ ಟೂರ್ ಸ್ಟೇಜ್ ಗೆದ್ದ, ಅದನ್ನ ನೋಡ್ರಿ. ಇನ್ನ ಬೀಳದಿದ್ದರೂ, 2017ರಾಗ ಮಾರ್ಸೆಲ್ ಕಿಟೆಲ್ ಒಂದು ಸ್ಟೇಜ್ ಗೆದ್ದದ್ದು 6 ಮಿಲಿಮೀಟರ್‌ನಿಂದ. ಒಂದು ಗೋಧಿ ಕಾಳಿನಷ್ಟು. ಅದನ್ನ ಯಾವ ಪಂಡಿತನೂ ಮುಂಚೆ ಹೇಳಲಾರ.

ನಮ್ಮ ಗುಂಪಿನ ನಿಯಮ ಈ ವರ್ಷದಿಂದ ಬದಲಾಗೈತಿ. ಗೆದ್ದವನ ಹೆಸರು ಸರಿ ಹೇಳಿದ್ರ ಎರಡು ಪಾಯಿಂಟ್. ಅವನಿಗೆ ಕೊನೆಗೆ ಬಿಟ್ಟುಕೊಟ್ಟವ ಯಾರು ಅಂತ ಸರಿ ಹೇಳಿದ್ರ ಮೂರು. ಟಿವಿಯಾಗ ಅದು ಕಾಣಬೇಕಂದ್ರ ಮ್ಯಾಲಿಂದ ತೋರಿಸೋ ಹೆಲಿಕಾಪ್ಟರ್ ಕ್ಯಾಮೆರಾ ಬಂದಾಗ ಕಣ್ಣು ಮಿಟುಕಸಬ್ಯಾಡ್ರಿ, ಮುಂದಿನವನ ಬಿಟ್ಟು ಬದಿಗೆ ಸರಿಯೋನನ್ನ ನೋಡ್ರಿ. ಪಾಯಿಂಟ್ ಬರ್ಕೊಳ್ಳೋ ವಹಿ ನನ್ನ ದೋಸ್ತನ ಹತ್ರ ಐತಿ. ಸೈಕಲ್ ಇನ್ನೂ ಮಾರಿಲ್ಲ. ನಾಳಿ ನಸುಕಿಗೆ ಹುನಗುಂದ ಕಡೆ ಹೊಂಟಾನ, ಬರೋ ಮುಂದ ಎದುರು ಗಾಳಿ ಅಂತ ಈಗಿಂದನೇ ಬೈಕೋಳಾಕತ್ಯಾನ.