ಹೊಸ ಲೆಕ್ಕದಲ್ಲಿ ನಮ್ಮ ಹಳೇ ಬಿಲ್ಡಿಂಗ್

ನಾನು ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕ್ ನೌಕರಿ. ರಾಯಚೂರು ಬಿಟ್ಟು ಉಪ್ಪಲ್ ಸೇರಿ ಇಪ್ಪತ್ತೇಳು ವರ್ಷವಾಯಿತು. ಕಬ್ಬಿಣ, ಕಾಂಕ್ರೀಟಿನ ಲೆಕ್ಕದ ಬಗ್ಗೆ ಬರೆಯಲು ಇವನ್ಯಾರು ಅಂತ ನೀವು ಕೇಳಬಹುದು. ಏನು ಮಾಡಲಿ, ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಖಜಾಂಚಿ ನಾನೇ. ದುಡ್ಡು ಕೊಡಬೇಕಾದ ಕಡೆಯೆಲ್ಲ ಲೆಕ್ಕ ಅರ್ಥ ಮಾಡಿಕೊಳ್ಳಲೇಬೇಕು!

2024ರ ಡಿಸೆಂಬರ್ 4ರ ಬೆಳಿಗ್ಗೆ ಮುಲುಗು ಕಡೆ 5.3 ತೀವ್ರತೆಯ ಭೂಕಂಪವಾಯಿತಲ್ಲ, ಅದರ ನಡುಕ ಹೈದರಾಬಾದಿಗೂ ಬಂತು. ನಮ್ಮ ಬಿಲ್ಡಿಂಗಿಗೆ ಏನೂ ಆಗಲಿಲ್ಲ. ಆದರೆ ಜನಕ್ಕೆ ಒಂದು ಹೆದರಿಕೆ ಹೊಕ್ಕಿತು. ಭೂಕಂಪದ ಅಧ್ಯಯನ ಮಾಡುವ ಎನ್‌ಜಿಆರ್‌ಐ ನಮ್ಮ ಉಪ್ಪಲ್ ರಸ್ತೆಯಲ್ಲೇ ಇದೆ. ದಿನಾ ಅದರ ಮುಂದೆ ಓಡಾಡುವವರಿಗೂ ಅಲ್ಲಿಯವರೆಗೆ ಈ ಯೋಚನೆ ಬಂದಿರಲಿಲ್ಲ. ಸರಿ, ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸೋಣ ಎಂದು ತೀರ್ಮಾನವಾಯಿತು.

ನಮ್ಮದು 2008ರಲ್ಲಿ ಕಟ್ಟಿದ್ದು. ಕೆಳಗೆ ಸ್ಟಿಲ್ಟ್, ಅಂದರೆ ಬರೀ ಕಂಬ, ಕಾರು ನಿಲ್ಲಿಸುವ ಜಾಗ. ಮೇಲೆ ಐದು ಅಂತಸ್ತು. ಎಂಜಿನಿಯರ್ ಇ-ಟ್ಯಾಬ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿದರು. ಕಟ್ಟಿದಾಗ ಮಾಡಿದ್ದ ಲೆಕ್ಕದಂತೆ, 2002ರ ಭೂಕಂಪ ಕೋಡ್ ಆರಿಸಿದರೆ ಪಾಸು. 2016ರ ಕೋಡ್ ಆರಿಸಿ ಅದು ಹೇಳಿದಂತೆಲ್ಲ ಮಾಡಿದರೆ ಸ್ಟಿಲ್ಟಿನ ಹಲವು ಕಂಬಗಳು ಫೇಲು.

ಮೀಟಿಂಗಿನಲ್ಲಿ ಗಲಾಟೆಯೋ ಗಲಾಟೆ. "ಬಿಲ್ಡಿಂಗ್ ರಾತ್ರೋರಾತ್ರಿ ವೀಕ್ ಆಯಿತೇ?" ಎಂದರು ಒಬ್ಬರು. ಇನ್ನೊಬ್ಬರದು ಇನ್ನೂ ಸುಲಭದ ದಾರಿ: "ಅದರಲ್ಲೇ 2002 ಅಂತ ಆಪ್ಷನ್ ಇದೆಯಂತಲ್ಲ, ಅದನ್ನೇ ಒತ್ತಿಸಿ ಸರ್ಟಿಫಿಕೇಟ್ ತಗೊಂಡುಬಿಡಿ ಸಾರ್."

ನನ್ನ ಅಕ್ಕನ ಮಗ ಇದೇ ಕೆಲಸದಲ್ಲಿದ್ದಾನೆ. ಭಾನುವಾರ ಊಟಕ್ಕೆ ಬಂದವನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ. "ಮಾಮಾ, ಬಿಲ್ಡಿಂಗ್ ಅದೇ ಅದ. ನಾವು ಕೇಳೋ ಪ್ರಶ್ನಿ ಬದಲಾಗ್ಯದ" ಎಂದ.

ಅವನು ಬಿಡಿಸಿ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಹಿಂದಿನ ಲೆಕ್ಕಗಳಲ್ಲಿ ಇಟ್ಟಿಗೆ ಗೋಡೆಯನ್ನು ಸಾಮಾನ್ಯವಾಗಿ ಬರೀ ಭಾರವೆಂದು ಬರೆದುಕೊಳ್ಳುತ್ತಿದ್ದರು. ಅಂದರೆ ಪೂರ್ತಿ ಲಯಬಿಲಿಟಿ. ನಿಜದಲ್ಲಿ ಗೋಡೆ ಬಿಲ್ಡಿಂಗನ್ನು ಬಿಗಿಯಾಗಿಯೂ ಹಿಡಿಯುತ್ತದೆ. 2016ರ ಕೋಡ್ ಆ ಬಿಗಿಯನ್ನೂ ಲೆಕ್ಕಕ್ಕೆ ತನ್ನಿ, ಗೋಡೆಯನ್ನು ಕರ್ಣದ ಆಕಾರದ ಒಂದು ಊರುಗೋಲಿನಂತೆ ಮಾಡೆಲ್ ಮಾಡಿ ಎನ್ನುತ್ತದೆ. ಒಳ್ಳೆಯದೇ ಆಯಿತಲ್ಲ ಅಂದೆ. ಅಲ್ಲೇ ಇರುವುದು ತೊಂದರೆ. ಗೋಡೆಗಳೆಲ್ಲ ಮೇಲಿನ ಐದು ಅಂತಸ್ತಿನಲ್ಲಿವೆ. ಮೇಲೆ ಗಟ್ಟಿ ಪೆಟ್ಟಿಗೆ, ಕೆಳಗೆ ಬರೀ ಕಾಲು. ನೆಲ ಅಲುಗಿದರೆ ಬಾಗುವುದೆಲ್ಲ ಆ ಕಾಲುಗಳೇ.

ಇನ್ನೊಂದು ಬದಲಾವಣೆ: ಕಾಂಕ್ರೀಟು ಬಿರುಕು ಬಿಡುತ್ತದೆಂದು ಮೊದಲೇ ಒಪ್ಪಿಕೊಂಡು, ಕಂಬದ ಬಿಗಿಯನ್ನು ನೂರಕ್ಕೆ 70, ತೊಲೆಯದನ್ನು 35 ಮಾತ್ರ ಹಿಡಿಯಬೇಕು. ಬ್ಯಾಂಕಿನಲ್ಲಿ ಅಡಮಾನದ ಆಸ್ತಿಗೆ ಮಾರ್ಜಿನ್ ಕಳೆದು ಸಾಲ ಕೊಡುತ್ತೇವಲ್ಲ, ಹಾಗೆ. ಆಗ ಕಾಗದದ ಮೇಲೆ ಬಿಲ್ಡಿಂಗ್ ಹೆಚ್ಚು ಓಲಾಡುತ್ತದೆ. ಮೂರು ಮೀಟರ್ ಎತ್ತರದ ಅಂತಸ್ತು 12 ಮಿಲಿಮೀಟರ್‌ಗಿಂತ ಹೆಚ್ಚು ಸರಿಯುವಂತಿಲ್ಲ.

ಹಾಗಾದರೆ 2002ರಲ್ಲಿ ಪಾಸಾಗಿದ್ದು ಹೇಗೆ? ಇದನ್ನು ಕೇಳಿ ನನಗೆ ನಿಜಕ್ಕೂ ಬೆವರು ಬಂತು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, 200 ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಇಂಥ ಸ್ಟಿಲ್ಟ್ ಅಪಾರ್ಟ್‌ಮೆಂಟುಗಳು ಕುಸಿದಿದ್ದವು. ಮರುವರ್ಷ ಬಂದ ಆ ಹಳೇ ಕೋಡಿನಲ್ಲೂ, ಗೋಡೆಗಳ ಬಿಗಿಯನ್ನು ಸೇರಿಸಿ ಲೆಕ್ಕ ಹಾಕಿ, ಇಲ್ಲವೇ ಸ್ಟಿಲ್ಟಿನ ಕಂಬ-ತೊಲೆಗಳನ್ನು ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸ ಮಾಡಿ ಎಂಬ ಮಾತು ಇದೆ. ಲಿಸ್ಟಿನಲ್ಲಿ 2002 ಎಂದು ಆರಿಸಿದ ಮಾತ್ರಕ್ಕೆ ಅದು ತಾನಾಗಿ ಸೇರಿಕೊಳ್ಳುವುದಿಲ್ಲ. ಎಂಜಿನಿಯರ್ ಕೈಯಾರೆ ಸೇರಿಸಬೇಕು. ನಮ್ಮ ಹಳೇ ಲೆಕ್ಕದಲ್ಲಿ ಎರಡೂ ಇರಲಿಲ್ಲ! ಅಂದರೆ ಹಳೇ ಕೋಡನ್ನೇ ಪೂರ್ತಿ ಓದಿದ್ದರೂ ನಾವು ಪಾಸಾಗುತ್ತಿದ್ದೆವು ಎನ್ನುವಂತಿಲ್ಲ.

ಬಿ.ಕಾಂ. ಓದಿದವರಿಗೆ ಇದು ಹೊಸದಲ್ಲ. ಒಂದು ಎಂಟ್ರಿಯನ್ನು ಎರಡೂ ಕಡೆ ಬರೆಯದೇ ಬಿಟ್ಟರೂ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ. ನಾನು ಬ್ಯಾಂಕು ಸೇರಿದಾಗ ದಪ್ಪ ಲೆಡ್ಜರ್. ಆಮೇಲೆ ಎಎಲ್‌ಪಿಎಂ, ಆಮೇಲೆ ಕೋರ್ ಬ್ಯಾಂಕಿಂಗ್. ಮಷೀನು ಬದಲಾದಂತೆ ಕೂಡುವ-ಕಳೆಯುವ ತಪ್ಪು ಹೋಯಿತು, ಬರೆಯದೇ ಬಿಟ್ಟ ಎಂಟ್ರಿ ಹುಡುಕುವ ಕೆಲಸ ಮನುಷ್ಯನಿಗೇ ಉಳಿಯಿತು. ನಾರ್ವೆಯಲ್ಲಿ 1991ರ ಆಗಸ್ಟ್ 23ರಂದು ಸ್ಲೈಪ್ನರ್ ಎಂಬ ತೈಲ ವೇದಿಕೆಯ ಕಾಂಕ್ರೀಟ್ ತಳ ಮುಳುಗಿತು. ಕಂಪ್ಯೂಟರ್ ವಿಶ್ಲೇಷಣೆಗೆ ಕೊಟ್ಟ ಮಾಡೆಲ್ ಒರಟಾಗಿದ್ದರಿಂದ ಗೋಡೆಯ ಮೇಲಿನ ಕತ್ತರಿಸುವ ಬಲ 47 ಶೇಕಡಾ ಕಡಿಮೆ ಕಂಡಿತ್ತು.

ಮುಂದಿನ ಮೀಟಿಂಗಿನಲ್ಲಿ ಇದನ್ನೆಲ್ಲ ತೆಲುಗಿನಲ್ಲಿ ವಿವರಿಸಿದೆ. 2002ರ ಸರ್ಟಿಫಿಕೇಟಿಗೆ ಚೆಕ್ ಸಹಿ ಮಾಡುವುದಿಲ್ಲ ಎಂದೂ ಹೇಳಿದೆ. ಇಬ್ಬರು ಈಗಲೂ ನನ್ನ ಜೊತೆ ಮಾತಾಡುತ್ತಿಲ್ಲ, ಇರಲಿ. ಕೊನೆಗೆ ಇನ್ನೊಬ್ಬ ಎಂಜಿನಿಯರ್‌ರಿಂದ ಮರುಪರಿಶೀಲನೆ ಮತ್ತು ಕಾಂಕ್ರೀಟಿನ ಪರೀಕ್ಷೆ ಎಂದು ಮತ ಬಿತ್ತು. ಅವೂ ಇದನ್ನೇ ಹೇಳಿದರೆ ಸ್ಟಿಲ್ಟಿನಲ್ಲಿ ಪಾಯದಿಂದ ಕಾಂಕ್ರೀಟ್ ಗೋಡೆ ಎಬ್ಬಿಸಬೇಕು, ಕೆಲವು ಕಂಬಗಳನ್ನು ದಪ್ಪ ಮಾಡಬೇಕು. ಮನೆಗಿಷ್ಟು ಎಂದು ದುಡ್ಡು ಹಾಕಬೇಕು, ನಾಲ್ಕು ಪಾರ್ಕಿಂಗ್ ಹೋಗುತ್ತವೆ.

ನಿಮ್ಮ ಬಿಲ್ಡಿಂಗಿನ ರಿಪೋರ್ಟ್ ಸಿಕ್ಕರೆ ಪಾಸೋ ಫೇಲೋ ಎಂಬ ಕೊನೇ ಪುಟಕ್ಕೆ ಹಾರಬೇಡಿ. ಯಾವ ವರ್ಷದ ಕೋಡ್, ಸ್ಟಿಲ್ಟಿಗೆ ಏನು ಹಿಡಿದಿದ್ದಾರೆ, ಗೋಡೆ ಸೇರಿಸಿದ್ದಾರಾ, ಇಷ್ಟನ್ನು ಕೇಳಿ. ಅಂದ ಹಾಗೆ, ಆ ನಾಲ್ಕು ಪಾರ್ಕಿಂಗ್‌ಗಳಲ್ಲಿ ಒಂದು ನಮ್ಮದೇ. ಮನೆಯವಳಿಗೆ ಇನ್ನೂ ಹೇಳಿಲ್ಲ :)