ಗಡಿಯ ದಾರಿ, ಗಾಡಿಯ ಚಹಾ

ಸೊಲ್ಲಾಪುರದಿಂದ ಹೈದರಾಬಾದಿನತ್ತ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಕರ್ನಾಟಕದ ಗಡಿ ಸಮೀಪಿಸುತ್ತಿರುವಂತೆ ಉಮರಗಾ ಎದುರಾಗುತ್ತದೆ. ಅಲ್ಲಿ ಹೆದ್ದಾರಿಯನ್ನು ಬಿಟ್ಟು ಉತ್ತರಕ್ಕೆ ಹೊರಳಿದರೆ ಕಾಸಾರ ಶಿರಸಿಯ ಮೇಲಿಂದ ನಿಲಂಗಾ; ಮುಂದೆ ಈಶಾನ್ಯಕ್ಕೆ ಉದಗೀರ. ದಾರಿಯುದ್ದಕ್ಕೂ ಕಪ್ಪು ಮಣ್ಣು, ತೊಗರಿ, ಸೋಯಾ, ಹಿಂಗಾರಿನ ಜೋಳ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ ಮತ್ತು ಉದಗೀರ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆ ವರ್ಷದ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೂ ಈ ತಾಲೂಕುಗಳು ಮುಂಬಯಿ ರಾಜ್ಯಕ್ಕೂ ಸೇರಿದವು. ಆದರೆ ಬೀಗತನಗಳು ನಕಾಶೆಯ ಗೆರೆಯನ್ನು ಕೇಳಿ ಬೆಳೆದವಲ್ಲ. ಮದುವೆ, ಜಾತ್ರೆ, ಪರೀಕ್ಷೆ, ಆಸ್ಪತ್ರೆ ಎಂದು ಇಲ್ಲಿಯ ಕನ್ನಡ ಮನೆಗಳವರು ಇಂದಿಗೂ ಬೀದರ, ಬಸವಕಲ್ಯಾಣ, ಕಲಬುರಗಿ, ಸೊಲ್ಲಾಪುರಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹೊರಡುತ್ತಾರೆ.

ಹಗಲಿನಲ್ಲಿ ಚಹಾಕ್ಕೆ ಬರವಿಲ್ಲ. ಬಸ್ ನಿಲ್ದಾಣದ ಮಗ್ಗುಲಲ್ಲಿ, ನಾಲ್ಕು ದಾರಿ ಕೂಡುವಲ್ಲಿ ಹೋಟೆಲುಗಳುಂಟು. ಕನ್ನಡ, ಮರಾಠಿ, ದಖ್ಖನಿ ಉರ್ದು ಒಂದೇ ಬೆಂಚಿನ ಮೇಲೆ ಕೂಡುತ್ತವೆ. ಬರವಿರುವುದು ನಸುಕಿನ ಮೂರು ಗಂಟೆಗೆ. ಮಾಗಿಯ ಚಳಿಯಲ್ಲಿ ಅಜ್ಜಿಗೆ ಒಂದು ಗುಟುಕು ಬಿಸಿ ಬೇಕು. ಕೂಸಿನ ಹಾಲಿನ ಪುಡಿಗೆ ಬಿಸಿನೀರು ಬೇಕು. ಅಂಥ ಹೊತ್ತಿಗಾಗಿ ಈಗ ಹಲವರು ಗಾಡಿಯ ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ 12 ವೋಲ್ಟಿನ ಪುಟ್ಟ ಕೆಟಲ್ ಒಯ್ಯುತ್ತಾರೆ. ಅನುಕೂಲವೇನೋ ಹೌದು. ಆದರೆ ಆ ಕೆಟಲ್ ಎಷ್ಟು ವಿದ್ಯುತ್ತನ್ನು ಉಣ್ಣುತ್ತದೆ ಎಂಬ ಲೆಕ್ಕವನ್ನು ಕೊಂಡವರು ಕೇಳುವುದು ವಿರಳ.

ಆ ಲೆಕ್ಕಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಬಾಲಭಾರತಿಯ ಹತ್ತನೆಯ ಇಯತ್ತೆಯ ವಿಜ್ಞಾನ ಪುಸ್ತಕದಲ್ಲಿ ಉಷ್ಣ ಮತ್ತು ವಿದ್ಯುತ್ತಿನ ಪಾಠಗಳಿವೆ. ಅವು ಕನ್ನಡದಲ್ಲೇ ಇವೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕ್ಯಾಲರಿ, ಅಂದರೆ ಸುಮಾರು 4.18 ಜೂಲ್ ಬೇಕು. ದೊಡ್ಡದೊಂದು ಕಪ್ಪಿಗೆ 200 ಗ್ರಾಂ ನೀರು. 25 ಡಿಗ್ರಿಯಿಂದ 95 ಡಿಗ್ರಿಗೆ ಏರಿಸಲು 14,000 ಕ್ಯಾಲರಿ, ಅಂದರೆ ಸುಮಾರು 58,500 ಜೂಲ್. 10 ಆಂಪಿಯರ್ ಎಳೆಯುವ ಕೆಟಲ್ ಕೊಡುವುದು 120 ವ್ಯಾಟ್, ಅಂದರೆ ಸೆಕೆಂಡಿಗೆ 120 ಜೂಲ್. ಭಾಗಿಸಿದರೆ ಎಂಟು ನಿಮಿಷ ದಾಟುತ್ತದೆ. ಪಾತ್ರೆಯ ಮೈಯಿಂದ ಸೋರುವ ಬಿಸಿಯನ್ನೂ ಸೇರಿಸಿದರೆ ಹತ್ತು ಹನ್ನೆರಡು ನಿಮಿಷ. ಅಷ್ಟರಲ್ಲಿ ಬ್ಯಾಟರಿಯಿಂದ ಸುಮಾರು ಎರಡು ಆಂಪಿಯರ್-ಗಂಟೆ ಖರ್ಚಾಗಿರುತ್ತದೆ.

ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆಯ ಆಸುಪಾಸಿನದು. ಇಂಜಿನ್ ನಿಲ್ಲಿಸಿ ಐದಾರು ಜನರಿಗೆ ಒಂದೊಂದು ಕಪ್ ಕಾಯಿಸಿದರೆ ಅದರ ಮೂರರಲ್ಲೊಂದು ಪಾಲು ತೀರಿತು. ಬ್ಯಾಟರಿ ಹಳೆಯದಾಗಿದ್ದರೆ ಅದರ ಧಾರಣಶಕ್ತಿ ಮೊದಲೇ ಕುಂದಿರುತ್ತದೆ; ಚಳಿ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ಇಂಜಿನ್ ಚಾಲೂ ಆಗುವ ಆ ಕ್ಷಣಕ್ಕೆ ನೂರು ಆಂಪಿಯರ್‌ಗೂ ಮಿಕ್ಕಿದ ಪ್ರವಾಹ ಬೇಕು. ಆಸ್ಪತ್ರೆಗೆ ಹೊರಟ ಗಾಡಿ ಚಹಾ ಕುಡಿದವರನ್ನು ಹೊತ್ತುಕೊಂಡು ದಾರಿಯಲ್ಲೇ ನಿಂತುಬಿಟ್ಟರೆ ಆ ಚಹಾದ ಬೆಲೆಯನ್ನು ಯಾರು ಕಟ್ಟಿಕೊಡಬೇಕು?

ಮನೆಯ ದೊಡ್ಡ ಕೆಟಲನ್ನೇ ಇನ್ವರ್ಟರಿಗೆ ಜೋಡಿಸುವ ಉಪಾಯವೂ ಕೆಲವರಿಗೆ ತೋಚುತ್ತದೆ. 1,000 ವ್ಯಾಟಿನ ಕೆಟಲ್ 12 ವೋಲ್ಟಿನ ಬ್ಯಾಟರಿಯಿಂದ 83 ಆಂಪಿಯರ್ ಬೇಡುತ್ತದೆ. ಇನ್ವರ್ಟರಿನಲ್ಲಾಗುವ ನಷ್ಟ ಸೇರಿದರೆ 90ಕ್ಕೂ ಹೆಚ್ಚು. ಸಾಕೆಟ್ಟಿನ ಫ್ಯೂಜ್ ಸಾಮಾನ್ಯವಾಗಿ 10ರಿಂದ 15 ಆಂಪಿಯರಿನದು. ಫ್ಯೂಜ್ ಸುಟ್ಟಿತೆಂದು ಅದಕ್ಕಿಂತ ದಪ್ಪ ತಂತಿ ಸುತ್ತಿದರೆ ಸುಡುವ ಸರದಿ ಗಾಡಿಯೊಳಗಿನ ತಂತಿಯದು. ಗಾಡಿಯೊಳಗೆ ಗ್ಯಾಸ್ ಅಥವಾ ಸೀಮೆಎಣ್ಣೆಯ ಸ್ಟೋವ್ ಹೊತ್ತಿಸುವುದಂತೂ ಬೆಂಕಿಗೂ ವಿಷಾನಿಲಕ್ಕೂ ಬಾಗಿಲು ತೆರೆದಂತೆ.

ಹಾಗಾದರೆ ದಾರಿ ಯಾವುದು? ನಿಲಂಗಾದ ನೀಲಕಂಠೇಶ್ವರ ದೇವಾಲಯದ ಹತ್ತಿರ ಗಾಡಿ ನಿಲ್ಲಿಸುವವರ ಕೈಚೀಲಗಳಲ್ಲೇ ಉತ್ತರವಿದೆ. ಚಾಲುಕ್ಯ ಶೈಲಿಯ ಈ ಕಲ್ಲಿನ ಗುಡಿಗೆ ಮೂರು ಗರ್ಭಗೃಹಗಳು. ಅದನ್ನು ನೋಡಲು ಬಂದವರು ಬಿಚ್ಚುವ ಬುತ್ತಿಯ ಜೊತೆಗೆ ಥರ್ಮಾಸ್ ಇದ್ದೇ ಇರುತ್ತದೆ. 1892ರಲ್ಲಿ ಜೇಮ್ಸ್ ಡೇವರ್ ಎಂಬ ವಿಜ್ಞಾನಿ ಪ್ರಯೋಗಶಾಲೆಗಾಗಿ ರೂಪಿಸಿದ, ಎರಡು ಗೋಡೆಗಳ ನಡುವೆ ನಿರ್ವಾತವಿರುವ ಪಾತ್ರೆಯೇ ಮುಂದೆ ಮನೆಮನೆಯ ಥರ್ಮಾಸ್ ಆಯಿತು. ಮನೆಯ ಒಲೆಯ ಮೇಲೆ ಕುದಿಸಿ ತುಂಬಿದ ನೀರು ಹಲವು ತಾಸುಗಳ ನಂತರ 80 ಡಿಗ್ರಿಗೆ ಇಳಿದಿದೆ ಎನ್ನೋಣ. ಆಗ ಗಾಡಿಯ ಕೆಟಲ್ ಏರಿಸಬೇಕಾದದ್ದು ಹದಿನೈದೇ ಡಿಗ್ರಿ. ಒಂದು ಕಪ್ಪಿಗೆ ಎರಡು ನಿಮಿಷ ಸಾಕು. ಎಪ್ಪತ್ತು ಡಿಗ್ರಿಯ ಏರನ್ನು ಒಲೆಗೆ ಬಿಟ್ಟು ಕೊನೆಯ ಮೆಟ್ಟಿಲನ್ನು ಮಾತ್ರ ಬ್ಯಾಟರಿಗೆ ಒಪ್ಪಿಸುವುದೇ ಜಾಣತನ.

ನಿಲಂಗಾದಿಂದ ಉದಗೀರದತ್ತ ಹೋಗುವಾಗ ಮಾಂಜರಾ ನದಿ ಅಡ್ಡ ಬರುತ್ತದೆ. 2016ರ ಬೇಸಿಗೆಯಲ್ಲಿ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಬಂದದ್ದನ್ನು ಈ ಸೀಮೆಯವರು ಮರೆತಿಲ್ಲ. ಕೊಡವನ್ನು ಎಣಿಸಿ ನೀರು ಬಳಸಿದವರಿಗೆ ಆಂಪಿಯರನ್ನು ಎಣಿಸುವುದು ಹೊಸ ಶಿಸ್ತೇನಲ್ಲ.

ಹಾಲಿನ ಮಾತು ಬೇರೆ. ದೇವಣಿ ಎಂಬ ಊರು ತನ್ನ ಹೆಸರನ್ನು ಕೊಟ್ಟಿರುವ ದನದ ತಳಿ ಬೀದರ, ಲಾತೂರು ಎರಡೂ ಜಿಲ್ಲೆಗಳ ಹಟ್ಟಿಗಳಲ್ಲಿದೆ; ಹಾಲಿಗೂ ದುಡಿಮೆಗೂ ಒದಗುವ ತಳಿ ಅದು. ಆದರೆ ಆ ಹಾಲನ್ನು ಪುಟ್ಟ ಕೆಟಲಿಗೆ ಸುರಿಯಬಾರದು. ಅದು ತಳಕ್ಕೆ ಹತ್ತಿ ಸೀಯುತ್ತದೆ, ಉಕ್ಕಿ ಸಾಕೆಟ್ಟಿನವರೆಗೂ ಹರಿಯುತ್ತದೆ. ಗಾಡಿಯಲ್ಲಿ ಒಪ್ಪುವುದು ನೀರಿನ ಪೇಯಗಳೇ: ಬೆಲ್ಲ, ಶುಂಠಿ ಹಾಕಿದ ಕರಿ ಚಹಾ, ಗವತಿ ಚಹಾ, ಕೊತ್ತಂಬರಿ ಬೀಜದ ಕಷಾಯ. ಕೂಸಿನ ಹಾಲಿನ ಪುಡಿಗೆ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯದಿರುವಾಗಲೇ ಬೆರೆಸಬೇಕು, ಆಮೇಲೆ ಆರಿಸಿ ಕುಡಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಗಾಡಿ ಓಡುತ್ತಿರುವಾಗ ಕೆಟಲ್ ಹಚ್ಚಬಾರದು; ಒಂದು ತಗ್ಗು ಸಾಕು, ಕುದಿನೀರು ಮಕ್ಕಳ ತೊಡೆಯ ಮೇಲಿರುತ್ತದೆ.

ಉದಗೀರದ ಕೋಟೆ 1760ರ ಯುದ್ಧದಿಂದ ಪ್ರಸಿದ್ಧ. ಸದಾಶಿವರಾವ್ ಭಾವೂನ ಮರಾಠಾ ಸೇನೆ ನಿಜಾಮನ ಸೇನೆಯನ್ನು ಇಲ್ಲಿ ಸೋಲಿಸಿತು. ಮರುವರ್ಷವೇ ಪಾಣಿಪತ್ತಿನಲ್ಲಿ ಆ ಭಾವೂನೇ ಮಡಿದನು. ಸೈನಿಕರ ಬಿಸಿ ಪೇಯದ ಚಿಂತೆ ಯುದ್ಧದ ಗಾಡಿಯೊಳಗೂ ಹೊಕ್ಕದ್ದು ಬಹಳ ತಡವಾಗಿ. ಬ್ರಿಟಿಷರ ಸೆಂಚುರಿಯನ್ ಟ್ಯಾಂಕ್ 1945ರಲ್ಲಿ ಬಂದಾಗ, ಟ್ಯಾಂಕಿನ ವಿದ್ಯುತ್ತಿನಿಂದಲೇ ನೀರು ಕಾಯಿಸುವ ಪಾತ್ರೆಯನ್ನು ಅದರೊಳಗೇ ಅಳವಡಿಸಿದ್ದರು. ಚಹಾಕ್ಕಾಗಿ ಯಾರೂ ಹೊರಗಿಳಿದು ಪ್ರಾಣ ಕಳೆದುಕೊಳ್ಳಬೇಕಿರಲಿಲ್ಲ. ಆದರೆ ಟ್ಯಾಂಕಿನ ಬ್ಯಾಟರಿ ಬೇರೆ, ಮನೆಯ ಕಾರಿನ ಬ್ಯಾಟರಿ ಬೇರೆ.

ಈ ಸೀಮೆಗೆ ಇನ್ನೊಂದು ನೆನಪಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರು ಸುತ್ತಿನ ಊರುಗಳು ಭೂಕಂಪಕ್ಕೆ ಕುಸಿದವು. ಮನೆಯ ಒಲೆಯೇ ಇಲ್ಲವಾದ ದಿನ ಅಂಗಳದಲ್ಲಿ ನಿಂತ ಗಾಡಿಯ ಬ್ಯಾಟರಿಯೇ ದೀಪ, ಅದೇ ಬಿಸಿನೀರು, ಗಾಯಗೊಂಡವರನ್ನು ಒಯ್ಯುವ ಬಲವೂ ಅದೇ. ಮೂರರಲ್ಲಿ ಯಾವುದು ಮೊದಲು ಎಂದು ಆ ಗಳಿಗೆಯಲ್ಲಿ ಯೋಚಿಸಲು ಬಿಡುವಿರುವುದಿಲ್ಲ. ಲೆಕ್ಕ ಮೊದಲೇ ತಿಳಿದಿರಬೇಕು. ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಕಾಗದ ಕೊಟ್ಟು, ಮನೆಯ ಗಾಡಿಯ ಬ್ಯಾಟರಿಯ ಮೇಲೆ ಬರೆದ ಅಂಕಿಯನ್ನು ಓದಿಸಿ, ಎಷ್ಟು ಕಪ್ ಎಂದು ಕೇಳಿದರೆ ಒಂದು ಸಂಜೆಯ ಪಾಠವಾಗುತ್ತದೆ. ಪ್ರವಾಸದಲ್ಲಿ ಎರಡನೆಯ ಕಪ್ಪಿಗೆ ನೀರು ಸುರಿಯುವ ಮುನ್ನ ಇಂಜಿನನ್ನು ಒಮ್ಮೆ ಚಾಲೂ ಮಾಡಿ ನೋಡಬೇಕೆಂದು ಆ ಮಗುವೇ ಹಿರಿಯರಿಗೆ ನೆನಪಿಸೀತು.